ನೋವು ಮಣಿಕಟ್ಟಿನಲ್ಲಿ, ಕೆಲಸ ಮುಂಗೈಯಲ್ಲಿ

ಬಲಗೈಯನ್ನು ಮೇಜಿನ ಮೇಲೆ ಸಡಿಲವಾಗಿ ಇಡಿ. ಬಲ ಮೊಣಕೈಯಿಂದ ಸ್ವಲ್ಪ ಕೆಳಗೆ, ಮಾಂಸ ದಪ್ಪಗಿರುವ ಜಾಗವನ್ನು ಎಡಗೈಯಿಂದ ಮೆಲ್ಲಗೆ ಹಿಡಿದುಕೊಳ್ಳಿ. ಈಗ ಬಲಗೈ ಬೆರಳುಗಳನ್ನು ಒಂದೊಂದಾಗಿ ಆಡಿಸಿ, ಟೈಪ್ ಮಾಡುವ ಹಾಗೆ. ಎಡಗೈ ಕೆಳಗೆ ಏನೋ ಮಿಸುಕಾಡುತ್ತದೆ, ಅಲ್ವಾ? ಕುಣಿಯುತ್ತಿರುವುದು ಬೆರಳು. ದುಡಿಯುತ್ತಿರುವುದು ಇಲ್ಲಿ, ನಿಮ್ಮ ಎಡಗೈ ಹಿಡಿದಿರುವ ಜಾಗದಲ್ಲಿ.

ಬೆರಳನ್ನು ಮಡಚುವ, ಚಾಚುವ ದೊಡ್ಡ ಸ್ನಾಯುಗಳೆಲ್ಲ ಇರುವುದು ಮುಂಗೈಯಲ್ಲಿ, ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗದಲ್ಲಿ. ಬೆರಳೊಳಗೆ ಅಂಥ ಸ್ನಾಯು ಒಂದೂ ಇಲ್ಲ. ಅಲ್ಲಿರುವುದು ಎಲುಬು, ಕೀಲು, ನರ, ರಕ್ತನಾಳ, ಒಂದಿಷ್ಟು ಕೊಬ್ಬು, ಮತ್ತೆ ಎಲುಬಿಗೆ ಅಂಟಿಕೊಂಡ ಟೆಂಡನ್, ಅಂದರೆ ಸ್ನಾಯುವನ್ನು ಎಲುಬಿಗೆ ಜೋಡಿಸುವ ಗಟ್ಟಿ ಹುರಿ. ಬಾವಿಕಟ್ಟೆಯನ್ನು ನೆನಪು ಮಾಡಿಕೊಳ್ಳಿ. ಕೊಡ ಕೆಳಗಿರುತ್ತದೆ, ರಾಟೆ ಮೇಲಿರುತ್ತದೆ, ಹಗ್ಗ ಎಳೆಯುವವರು ಪಕ್ಕದಲ್ಲಿ ನಿಂತಿರುತ್ತಾರೆ. ಬೆರಳು ಕೊಡ, ಟೆಂಡನ್ ಹಗ್ಗ, ಮಣಿಕಟ್ಟು ರಾಟೆ. ಎಳೆಯುವವರು ಮುಂಗೈಯಲ್ಲಿ. ಕೈ ನೋವು ಬಂದಾಗ ನಾವು ಮುಲಾಮು ಹಚ್ಚಿ ತಿಕ್ಕುವುದು ಮಾತ್ರ ರಾಟೆಗೆ. ಕೀರಲು ಸದ್ದು ಬರುವುದು ಅಲ್ಲಿಂದ, ನಿಜ. ದಣಿದು ಬಿಗಿದುಕೊಂಡು ನಿಂತಿರುವವರನ್ನು ಯಾರೂ ಕೇಳುವುದೇ ಇಲ್ಲ.

ನನ್ನದು ಡಿಟಿಪಿ ಕೆಲಸ. ಮದುವೆ ಕಾಗದ, ಸಂಘದ ವಾರ್ಷಿಕ ವರದಿ, ಅಪರೂಪಕ್ಕೆ ಒಂದು ಕವನ ಸಂಕಲನ. ದಿನವಿಡೀ ಕನ್ನಡ ಟೈಪ್ ಮಾಡುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ಒತ್ತಕ್ಷರ ಬಂದಾಗಲೆಲ್ಲ ಎಡಗೈ ತೋರುಬೆರಳು ಎಫ್ ಕೀಲಿ ಒತ್ತಬೇಕು. ಮಹಾಪ್ರಾಣಕ್ಕೆ ಶಿಫ್ಟ್, ಅದು ಕಿರುಬೆರಳಿನ ಪಾಲು. ‘ಅಧ್ಯಕ್ಷರು’ ಎಂದು ಬರೆಯಲು ಎರಡು ಎಫ್, ಒಂದು ಶಿಫ್ಟ್ ಬೇಕು. ಸಂಘದ ವರದಿಯಲ್ಲಿ ಅಧ್ಯಕ್ಷರು ಎಷ್ಟು ಸಲ ಬರುತ್ತಾರೆ ಅಂತ ನಾನು ಹೇಳಬೇಕಾಗಿಲ್ಲ. ಇನ್ನು ಬಲಗೈಯದು ಬೇರೆ ಕಥೆ. ಮೌಸ್ ಒತ್ತುವುದಕ್ಕೆ ಶ್ರಮವೇ ಇಲ್ಲ. ಒತ್ತದೆ ಇರುವುದಕ್ಕೆ ಇದೆ. ಬಟನ್ ಮೇಲೆ ತೋರುಬೆರಳನ್ನು ಕೂದಲೆಳೆಯಷ್ಟು ಎತ್ತಿ ಹಿಡಿದು ಗಂಟೆಗಟ್ಟಲೆ ಕೂರುತ್ತೇವಲ್ಲ, ಆ ಹೊತ್ತಿಡೀ ಮುಂಗೈಯ ಹೊರಬದಿಯ ಸ್ನಾಯು ಬಿಡುವಿಲ್ಲದೆ ಬಿಗಿಯಾಗಿರುತ್ತದೆ. ಸಂಜೆ ಹೊತ್ತಿಗೆ ಮಣಿಕಟ್ಟಿನ ಹಿಂಭಾಗ ಹಿಡಿದುಕೊಂಡ ಹಾಗಾಗುತ್ತದೆ. ಲೋಟ ಎತ್ತಿದರೆ ಮೊಣಕೈಯ ಹೊರ ಮೂಳೆಯ ಹತ್ತಿರ ಚುಳ್ ಅನ್ನುತ್ತದೆ. ಇದನ್ನೇ ಟೆನಿಸ್ ಎಲ್ಬೋ ಅನ್ನುವುದು. ರಾಕೆಟ್ ಮುಟ್ಟದವರಿಗೇ ಇದು ಜಾಸ್ತಿ.

ನನಗೆ ಕೈ ನೀವುವುದನ್ನು ಕಲಿಸಿದವರು ಒಬ್ಬ ಫಿಸಿಯೋಥೆರಪಿಸ್ಟ್. ಅದು ಚೆನ್ನಾಗಿ ಕೈಗೆ ಹತ್ತಿದ್ದು ಸಾಗರದ ಕಡೆಯ ಚಿಕ್ಕಮ್ಮನ ಕೈ ಮೇಲೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಅಲ್ಲಿಗೆ ಹೋದರೆ ಮನೆ ತುಂಬ ಸುಲಿತದ ಗಡಿಬಿಡಿ. ಮಣೆಗೆ ಕೂರಿಸಿದ ಮೆಟ್ಟುಗತ್ತಿ. ಅದರ ಮೇಲೆ ಕಾಲೂರಿ ಕೂತು, ಹಸಿ ಅಡಿಕೆಯನ್ನು ಕತ್ತಿಯ ಮೊನೆಗೆ ಒತ್ತಿ, ಮಣಿಕಟ್ಟು ತಿರುಚಿ ಸಿಪ್ಪೆ ಎಬ್ಬಿಸಬೇಕು. ಒತ್ತು, ತಿರುಚು, ಎಸೆ. ಮತ್ತೆ ಒತ್ತು. ಒಂದು ಅಡಿಕೆಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ನೋಡುವವರಿಗೆ ಚಂದ. ರಾತ್ರಿ ಊಟವಾದ ಮೇಲೂ ಸುಲಿತ ನಡೆಯುತ್ತದೆ. ಚೊಗರು ಹತ್ತಿ ಕಪ್ಪಾದ ಬೆರಳುಗಳು ಸೀಸನ್ ಮುಗಿದರೂ ಬೇಗ ಬಿಳುಪಾಗುವುದಿಲ್ಲ. ಚಿಕ್ಕಮ್ಮನ ಹೆಬ್ಬೆರಳ ಬುಡ ಬೆಳಗ್ಗೆ ಎದ್ದಾಗ ಮರಗಟ್ಟಿರುತ್ತಿತ್ತು. ಮಣಿಕಟ್ಟು ನೋಯುತ್ತದೆ, ಒಂದಿಷ್ಟು ತಿಕ್ಕಿಕೊಡೇ ಅನ್ನುತ್ತಿದ್ದರು. ನಾನು ಮೊಣಕೈ ಹತ್ತಿರ ಶುರುಮಾಡಿದರೆ ಗದರುತ್ತಿದ್ದರು.

“ಅಲ್ಲಲ್ಲ ಕಣೇ, ನೋವು ಇರೋದು ಕೆಳಗೆ.”

“ಗೊತ್ತು ಚಿಕ್ಕಮ್ಮ, ಸ್ವಲ್ಪ ಸುಮ್ನೆ ಇರಿ.”

ಮುಂಗೈಯ ಹೊರಬದಿಯಲ್ಲಿ, ಮೊಣಕೈಯಿಂದ ಸುಮಾರು ಮೂರು ಬೆರಳು ಕೆಳಗೆ ಒಂದು ಜಾಗವಿದೆ. ಕೊಡಪಾನ ಎತ್ತುವಾಗ ಹೆಬ್ಬೆರಳ ಬದಿಗೆ ಉಬ್ಬುವ ಸ್ನಾಯುವಿನ ಪಕ್ಕದಲ್ಲೇ. ಅಲ್ಲಿ ಹೆಬ್ಬೆರಳಿಟ್ಟು ಒತ್ತಿದ ತಕ್ಷಣ “ಅಯ್ಯೋ, ಅಲ್ಲೇ! ಅದು ಇಲ್ಲೀವರೆಗೆ ಬರ್ತಿದೆ” ಅಂತ ತಮ್ಮ ಮಣಿಕಟ್ಟು ತೋರಿಸಿದರು. ಆಮೇಲೆ ಗದರಲಿಲ್ಲ.

ಕೈ ನೀವುವ ಮುಂಚೆ ಕೈಯನ್ನು ಎಲ್ಲಾದರೂ ಊರಿಸಬೇಕು. ಇದನ್ನು ಯಾರೂ ಗಮನಿಸುವುದಿಲ್ಲ. ಎದುರಿಗೆ ಕೂತು ಅವರ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡರೆ, ಆ ಕೈ ತನ್ನ ಭಾರ ತಾನೇ ಹೊರುತ್ತಿರುತ್ತದೆ. ದುಡಿಯುತ್ತಿರುವ ಸ್ನಾಯುವನ್ನು ಎಷ್ಟು ನಾದಿದರೂ ಸಡಿಲವಾಗದು. ತೊಡೆ ಮೇಲೊಂದು ದಿಂಬು, ದಿಂಬಿನ ಮೇಲೆ ಹಳೆ ಟವೆಲ್, ಅದರ ಮೇಲೆ ಅವರ ಮುಂಗೈ. ಮೊಣಕೈ ಸ್ವಲ್ಪ ಮಡಚಿರಲಿ. ಬೆರಳುಗಳು ತಾವಾಗಿಯೇ ಅರೆಮಡಚಿಕೊಂಡವು ಅಂದರೆ ಕೈ ನಿಮ್ಮ ವಶಕ್ಕೆ ಬಂತು ಅಂತ ಲೆಕ್ಕ.

ಎಣ್ಣೆ ಯಾವುದಾದರೂ ಸರಿ. ಮಲೆನಾಡಲ್ಲಿ ಕೊಬ್ಬರಿ ಎಣ್ಣೆ, ಬಯಲುಸೀಮೆಯಲ್ಲಿ ಹರಳೆಣ್ಣೆ, ಆಯುರ್ವೇದದ ಅಂಗಡಿ ಹತ್ತಿರವಿದ್ದರೆ ಮಹಾನಾರಾಯಣ ತೈಲ. ಎಣ್ಣೆಯ ಮೊದಲ ಕೆಲಸ ಜಾರುವುದು, ಚರ್ಮ ಕೆಂಪಾಗದಂತೆ ನೋಡಿಕೊಳ್ಳುವುದು. ಉಳಿದದ್ದರ ಬಗ್ಗೆ ಅಂಗಡಿಯವರು ಹೇಳುವಷ್ಟು ಭರವಸೆ ನನಗಿಲ್ಲ. ಬೆಚ್ಚಗಿದ್ದರೆ ಹಿತ. ಬಟ್ಟಲನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ, ಒಂದು ಹನಿ ನಿಮ್ಮ ಮಣಿಕಟ್ಟಿಗೇ ಬಿಟ್ಟುಕೊಂಡು ನೋಡಿ. ಚಿಕ್ಕಮ್ಮನ ಮನೆಯಲ್ಲಿ ಮೊದಲು ಲಕ್ಕಿಸೊಪ್ಪು ಕುದಿಸಿದ ನೀರಲ್ಲಿ ಕೈ ಅದ್ದಿಸುತ್ತಾರೆ. ಸೊಪ್ಪಿನ ಗುಣವೋ ಬಿಸಿಯ ಗುಣವೋ, ಕೈ ಮೆತ್ತಗಾಗುವುದಂತೂ ಹೌದು. ಎಣ್ಣೆ ಕಮ್ಮಿ ಇರಲಿ. ಜಾಸ್ತಿಯಾದರೆ ಬೆರಳು ಜಾರಿಹೋಗುತ್ತದೆ, ಸ್ನಾಯು ಸಿಗುವುದೇ ಇಲ್ಲ.

ಮೊದಲು ಅಂಗೈ ಅಗಲದಲ್ಲಿ ಮಣಿಕಟ್ಟಿನಿಂದ ಮೊಣಕೈ ಕಡೆಗೆ ಉದ್ದಕ್ಕೆ ನೀವಬೇಕು. ಹೋಗುವಾಗ ತುಸು ಭಾರ ಬಿಟ್ಟು, ಬರುವಾಗ ಸುಮ್ನೆ ತಾಗಿಸಿಕೊಂಡು. ರಕ್ತ ಹೃದಯದ ಕಡೆಗೆ ವಾಪಸು ಹೋಗುವ ದಿಕ್ಕು ಅದು, ಅದಕ್ಕೇ ಈ ರೂಢಿ. ಪಾರ್ಲರ್ ಬೋರ್ಡುಗಳಲ್ಲಿ ಇದು ಸ್ವೀಡಿಷ್ ಮಸಾಜ್. ಆದರೆ ನೀವುವುದು, ನಾದುವುದು, ಉಜ್ಜುವುದು, ತಟ್ಟುವುದು ಅಂತ ವಿಂಗಡಿಸಿ ಫ್ರೆಂಚ್ ಹೆಸರು ಇಟ್ಟ ಹೆಗ್ಗಳಿಕೆ ಸಾಮಾನ್ಯವಾಗಿ ಸಲ್ಲುವುದು 19ನೇ ಶತಮಾನದ ಡಚ್ ವೈದ್ಯ ಯೋಹಾನ್ ಮೆಟ್ಸ್‌ಗರ್‌ಗೆ. ಇರಲಿ.

ಕೈ ಬೆಚ್ಚಗಾದ ಮೇಲೆ ನಾದುವುದು. ಇಲ್ಲಿ ಎರಡು ಗುಂಪು ನೆನಪಿರಲಿ. ಬೆರಳು ಮಡಚುವ ಸ್ನಾಯುಗಳು ಮುಂಗೈಯ ಒಳಬದಿಯಲ್ಲಿ, ಅವುಗಳ ಬುಡ ಹೆಚ್ಚಾಗಿ ಮೊಣಕೈಯ ಒಳ ಮೂಳೆಯಲ್ಲಿ. ಬೆರಳು ಎತ್ತುವ ಸ್ನಾಯುಗಳು ಹೊರಬದಿಯಲ್ಲಿ, ಅವುಗಳ ಬುಡ ಹೊರ ಮೂಳೆಯಲ್ಲಿ. ಒಳಬದಿ ದಪ್ಪ, ನೋವು ತಡೆಯುತ್ತದೆ. ಹೊರಬದಿ ತೆಳು, ಬೇಗ ನೋಯುತ್ತದೆ. ಹಾಗಾಗಿ ಒಂದೇ ಭಾರ ಎರಡೂ ಕಡೆ ಹಾಕುವಂತಿಲ್ಲ. ಎರಡೂ ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ ಆಧಾರಕ್ಕಿಟ್ಟು, ಮೊಣಕೈ ಕೆಳಗಿನ ಮಾಂಸವನ್ನು ಹಿಡಿದು ಎತ್ತಿ, ಹಿಂಡಿ, ಬಿಡಬೇಕು. ಚರ್ಮವನ್ನಲ್ಲ, ಒಳಗಿನ ಮಾಂಸವನ್ನು.

ಆಮೇಲೆ ನನ್ನ ಇಷ್ಟದ್ದು ಬರುತ್ತದೆ. ಹೆಬ್ಬೆರಳನ್ನು ಅಥವಾ ಮಡಚಿದ ಬೆರಳಿನ ಗೆಣ್ಣನ್ನು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಿಟ್ಟು, ಮೊಣಕೈ ತನಕ ನಿಧಾನವಾಗಿ ತಳ್ಳಿಕೊಂಡು ಹೋಗುವುದು. ನಿಧಾನ ಅಂದರೆ ನಿಜವಾಗಲೂ ನಿಧಾನ. ಅವರು ಎರಡು ಮೂರು ಸಲ ಉಸಿರಾಡುವಷ್ಟರಲ್ಲಿ ಒಂದು ಸಲ ತಲುಪಬೇಕು. ಅವಸರದಲ್ಲಿ ಹೋದರೆ ಗಂಟು ಸಿಕ್ಕಿದ್ದು ಗೊತ್ತೇ ಆಗುವುದಿಲ್ಲ. ಸಿಕ್ಕ ಕಡೆ ನಿಲ್ಲಿ. ಒತ್ತುವುದನ್ನು ಜಾಸ್ತಿ ಮಾಡಬೇಡಿ, ಅಲ್ಲೇ ಭಾರ ಹಿಡಿದುಕೊಳ್ಳಿ. “ಮುಷ್ಟಿ ಕಟ್ಟಿ, ಬಿಚ್ಚಿ” ಅಂತ ಹೇಳಿ. ನೀವು ಹಿಡಿದ ಜಾಗದಡಿ ಸ್ನಾಯು ಹಿಂದೆ ಮುಂದೆ ಸರಿಯುವುದು ಕೈಗೆ ಸಿಗುತ್ತದೆ. ನಾಲ್ಕೈದು ಸಲ ಹೀಗೆ ಮಾಡಿದರೆ ಬಿಗಿ ಸಡಿಲುತ್ತದೆ. ನಾವು ಒತ್ತಿ ಬಿಡಿಸುವುದಕ್ಕಿಂತ ಅವರ ಸ್ನಾಯು ತಾನೇ ಆಡಿ ಬಿಡಿಸಿಕೊಳ್ಳುವುದು ಒಳ್ಳೆಯದು. ಒತ್ತುವವರ ಹೆಬ್ಬೆರಳೂ ಉಳಿಯುತ್ತದೆ. ಮಸಾಜನ್ನೇ ಕಸುಬು ಮಾಡಿಕೊಂಡವರಲ್ಲಿ ಹೆಬ್ಬೆರಳ ಬುಡದ ಕೀಲು ನೋವು ಸಾಮಾನ್ಯ. ಅದಕ್ಕೇ ಅನುಭವಿಗಳು ಮೊಣಕೈ, ಗೆಣ್ಣು, ತಮ್ಮದೇ ಮುಂಗೈ ಎಲ್ಲವನ್ನೂ ಬಳಸುತ್ತಾರೆ.

ಎಷ್ಟು ಒತ್ತಬೇಕು? ಮುಖ ನೋಡಿ. “ಹಾಂ, ಅಲ್ಲೇ” ಅನ್ನುವ ನೋವು ಒಂದು. ಉಸಿರು ಬಿಗಿಹಿಡಿದು ಕೈ ಹಿಂದಕ್ಕೆಳೆಯುವ ನೋವು ಇನ್ನೊಂದು. ಎರಡನೆಯದು ಬಂದರೆ ಸ್ನಾಯು ಇನ್ನಷ್ಟು ಬಿಗಿದುಕೊಳ್ಳುತ್ತದೆ, ಮಾಡಿದ್ದೆಲ್ಲ ದಂಡ. ಜುಮ್ ಅಂತ ಬೆರಳ ತುದಿಗೆ ಹೊಡೆದರೆ ನೀವು ನರದ ಮೇಲಿದ್ದೀರಿ, ಕೈ ತೆಗೆಯಿರಿ. ಮೊಣಕೈ ಒಳಬದಿಯಲ್ಲಿ, ಬಾಗಿಲಿಗೆ ತಾಗಿದರೆ ಜೀವ ಹೋದ ಹಾಗಾಗುವ ಜಾಗವಿದೆಯಲ್ಲ, ಅಲ್ಲಿ ಅಲ್ನರ್ ನರ ಚರ್ಮದ ಕೆಳಗೇ ಇದೆ. ಆ ಸಂದಿಗೆ ಬೆರಳು ಹಾಕಬೇಡಿ. ಜೋರಾಗಿ ತಿಕ್ಕಿದಷ್ಟೂ ಒಳ್ಳೆಯದು, ನೀಲಿಗಟ್ಟಿದರೆ ಇನ್ನೂ ಒಳ್ಳೆಯದು ಅನ್ನುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನೀಲಿಗಟ್ಟಿತು ಅಂದರೆ ಒಳಗೆ ರಕ್ತ ಒಸರಿತು ಅಂತ, ಅಷ್ಟೇ.

ಮಣಿಕಟ್ಟಿಗೆ ಬಂದಾಗ ಕೈ ಹಗುರವಾಗಬೇಕು. ಒಂದು ಕೈಯಲ್ಲಿ 27 ಎಲುಬು, ಅದರಲ್ಲಿ ಎಂಟು ಪುಟಾಣಿ ಎಲುಬುಗಳು ಎರಡು ಸಾಲಾಗಿ ಮಣಿಕಟ್ಟಿನಲ್ಲೇ ಕೂತಿವೆ. ಅವುಗಳ ಒಳಬದಿಯಲ್ಲಿ ಒಂದು ಇಕ್ಕಟ್ಟಾದ ಸುರಂಗ. ಬೆರಳು ಮಡಚುವ ಒಂಬತ್ತು ಟೆಂಡನ್‌ಗಳು ಮತ್ತು ಮೀಡಿಯನ್ ಎಂಬ ಒಂದು ನರ ಅದರೊಳಗೆ ತೂರಿಕೊಂಡು ಅಂಗೈಗೆ ಹೋಗಬೇಕು. ಮೇಲ್ಗಡೆ ಗಟ್ಟಿ ಪಟ್ಟಿಯೊಂದು ಮುಚ್ಚಿಕೊಂಡಿದೆ. ಒಳಗೆ ಸ್ವಲ್ಪ ಊತವಾದರೂ ಮೊದಲು ಅಪ್ಪಚ್ಚಿಯಾಗುವುದು ನರ. ಇದೇ ಕಾರ್ಪಲ್ ಟನಲ್ ತೊಂದರೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಉಂಗುರ ಬೆರಳಿನ ಅರ್ಧ, ಇಷ್ಟು ಜೋಮು ಹಿಡಿಯುತ್ತದೆ. ಕಿರುಬೆರಳಿಗೆ ಏನೂ ಆಗಿರುವುದಿಲ್ಲ, ಯಾಕೆಂದರೆ ಅದರ ನರ ಬೇರೆ ದಾರಿಯಲ್ಲಿ ಬರುತ್ತದೆ. ರಾತ್ರಿ ಜಾಸ್ತಿ. ಎದ್ದು ಕೂತು ಕೈ ಕೊಡವಿದರೆ ಕಮ್ಮಿ. ಬಸುರಿಯರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಥೈರಾಯ್ಡ್ ಕಮ್ಮಿ ಇರುವವರಲ್ಲಿ ಹೆಚ್ಚು ಕಾಣುತ್ತದೆ.

ಮೊದಲೇ ಇಕ್ಕಟ್ಟಾದ ಆ ಜಾಗವನ್ನು ಹೆಬ್ಬೆರಳಿಂದ ಇನ್ನೂ ಅದುಮಿದರೆ ಹೇಗೆ? ಆದರೆ ಹೆಚ್ಚಿನವರು ಮಾಡುವುದು ಅದನ್ನೇ. ಆಯುರ್ವೇದದ ಸುಶ್ರುತ ಎಣಿಸಿದ 107 ಮರ್ಮಗಳಲ್ಲಿ, ಅಂದರೆ ದೇಹದ ಸೂಕ್ಷ್ಮ ಜಾಗಗಳಲ್ಲಿ, ಮಣಿಕಟ್ಟಿನದು ಮಣಿಬಂಧ. ಪೆಟ್ಟಾದರೆ ನೋವು ಕೊಡುವ ಮರ್ಮಗಳ ಗುಂಪಿನಲ್ಲಿ ಅದನ್ನು ಸೇರಿಸಿದ್ದಾನೆ. ಮರ್ಮ ಅಂದರೆ ಒತ್ತಬೇಕಾದ ಗುಂಡಿ ಅಂತ ಈಗ ರೀಲ್ಸ್‌ನಲ್ಲಿ ತೋರಿಸುತ್ತಾರೆ. ಅವನು ಬರೆದದ್ದು ಅಲ್ಲಿ ಗಾಯವಾದರೆ ಏನಾಗುತ್ತದೆ ಅಂತ. ನಾನು ಮಣಿಕಟ್ಟಿನ ಹಿಂಬದಿಯಲ್ಲಿ ಸಣ್ಣ ಸುತ್ತು ಹಾಕಿ ನೀವುತ್ತೇನೆ. ಒಳಬದಿಯಲ್ಲಿ ಅಂಗೈಯಿಂದ ಸವರುತ್ತೇನೆ, ಅಷ್ಟೇ. ಕೈಕುಲುಕುವ ಹಾಗೆ ಹಿಡಿದು ಮೆಲ್ಲಗೆ ತಮ್ಮ ಕಡೆಗೆ ಎಳೆದು ಬಿಟ್ಟರೆ ಸಾಕು, ಹಿತ ಅನ್ನಿಸುತ್ತದೆ. ರಾತ್ರಿ ಮಣಿಕಟ್ಟು ಮಡಚದಂತೆ ಪಟ್ಟಿ ಕಟ್ಟಿಕೊಂಡು ಮಲಗುವುದು ಕಾರ್ಪಲ್ ಟನಲ್ ತೊಂದರೆಗೆ ಮಸಾಜಿಗಿಂತ ಒಳ್ಳೆಯ ಉಪಾಯ. ಹೆಬ್ಬೆರಳ ಬುಡದ ಉಬ್ಬು ಸೊರಗುತ್ತಿದ್ದರೆ, ಕೈಯಿಂದ ಲೋಟ ಜಾರುತ್ತಿದ್ದರೆ ಎಣ್ಣೆ ಬಟ್ಟಲು ಬದಿಗಿಟ್ಟು ಡಾಕ್ಟರ್ ಹತ್ತಿರ ಹೋಗಿ. ಸುರಂಗವನ್ನು ಮುಚ್ಚಿಕೊಂಡಿರುವ ಆ ಗಟ್ಟಿ ಪಟ್ಟಿಯನ್ನು ಬಿಡಿಸುವ ಆಪರೇಷನ್ ಸಣ್ಣದು. ತಡ ಮಾಡಿದರೆ ಸೊರಗಿದ ಸ್ನಾಯು ಪೂರ್ತಿ ವಾಪಸು ಬರದೆ ಇರಬಹುದು.

ಅಂಗೈಯಲ್ಲಿ ಧೈರ್ಯವಾಗಿ ಒತ್ತಬಹುದು. ಹೆಬ್ಬೆರಳ ಬುಡದ ದಪ್ಪ ಮಾಂಸ ದಿನವಿಡೀ ದುಡಿಯುತ್ತದೆ. ಈಗ ಅದರ ಪಾಲಿಗೆ ಫೋನ್ ಬೇರೆ ಬಂದಿದೆ. ಎರಡೂ ಹೆಬ್ಬೆರಳು ಅಂಗೈ ನಡುವಿಟ್ಟು, ಪುಸ್ತಕ ಬಿಡಿಸುವಂತೆ ಹೊರಕ್ಕೆ ಸವರಿ. ಹೆಬ್ಬೆರಳು ತೋರುಬೆರಳ ನಡುವಿನ ಮಾಂಸವನ್ನು ಚಿಮುಟಿ ಹಿಡಿದು ನಿಧಾನಕ್ಕೆ ಹಿಂಡಿ. ಬಸುರಿಯರಿಗೆ ಆ ಜಾಗ ಒತ್ತಬಾರದು ಎನ್ನುವುದು ಚೀನೀ ಆಕ್ಯುಪ್ರೆಶರ್‌ನವರ ಹಳೆಯ ಕಟ್ಟುಪಾಡು. ನಾನೂ ಒತ್ತುವುದಿಲ್ಲ, ಬೇರೆ ಜಾಗ ಬೇಕಾದಷ್ಟಿವೆಯಲ್ಲ ಅಂತ. ಕೈ ಮಗುಚಿದರೆ ಎಲುಬು ಎಲುಬಿನ ನಡುವೆ ಸಂದಿಗಳು ಸಿಗುತ್ತವೆ. ಬೆರಳನ್ನು ಅಗಲಿಸುವ, ಸೇರಿಸುವ ಸಣ್ಣ ಸ್ನಾಯುಗಳು ಅಲ್ಲಿವೆ. ಬೆರಳ ತುದಿಯಿಂದ ಆ ಸಂದಿಯಲ್ಲಿ ಗೆಣ್ಣಿನಿಂದ ಮಣಿಕಟ್ಟಿನ ಕಡೆಗೆ ಎಳೆದುಕೊಂಡು ಬನ್ನಿ. ವೀಣೆ ನುಡಿಸುವ ನನ್ನ ಗೆಳತಿಗೆ ಇಡೀ ಮಸಾಜಿನಲ್ಲಿ ಬೇಕಾಗಿರುವುದು ಇದೊಂದೇ.

ಬೆರಳುಗಳನ್ನು ಬುಡದಿಂದ ತುದಿಗೆ ಎರಡೂ ಪಕ್ಕ ಹಿಡಿದು ಸವರುವುದು. ಲಟಿಕೆ ತೆಗೆಯಬೇಕೆಂದು ಜಗ್ಗಬೇಡಿ. ತಾನಾಗಿ ಬಂದರೆ ಬರಲಿ. ಲಟಿಕೆ ತೆಗೆದರೆ ಸಂಧಿವಾತ ಬರುತ್ತದೆ ಅಂತ ಅಜ್ಜಿಯರು ಹೆದರಿಸುತ್ತಿದ್ದರಲ್ಲ, ಅಮೆರಿಕದ ಡೊನಾಲ್ಡ್ ಉಂಗರ್ ಎಂಬ ವೈದ್ಯ ಅದನ್ನು ಪರೀಕ್ಷೆ ಮಾಡಲೆಂದು ಐವತ್ತು ವರ್ಷ ಎಡಗೈಯದ್ದು ಮಾತ್ರ ಲಟಿಕೆ ತೆಗೆಯುತ್ತ ಬಂದ, ಬಲಗೈಯನ್ನು ಹಾಗೇ ಬಿಟ್ಟ. ಎರಡೂ ಕೈಗೆ ಸಂಧಿವಾತ ಬರಲಿಲ್ಲ. 2009ರಲ್ಲಿ ಅವನಿಗೆ ಇಗ್ ನೊಬೆಲ್ ಸಿಕ್ಕಿತು, ಅಂದರೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ. ಒಬ್ಬರ ಕೈ ನೋಡಿ ಊರಿಗೆಲ್ಲ ತೀರ್ಮಾನ ಹೇಳಲಾಗದು, ಆದರೂ ಆ ಹಟಕ್ಕೆ ಒಂದು ನಮಸ್ಕಾರ.

ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳ ಕೈ ನೋವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮಗುವಿಗೆ ದಿನಾ ಎಣ್ಣೆ ತಿಕ್ಕಿ ನೀರು ಹಾಕುವ ಮನೆಯಲ್ಲಿ ತಾಯಿಯ ಬೆನ್ನು, ಸೊಂಟ ನೋಡುತ್ತಾರೆ. ಕೈ ಯಾರೂ ನೋಡುವುದಿಲ್ಲ. ಮಗುವಿನ ಕಂಕುಳಿಗೆ ಕೈ ಹಾಕಿ ಎತ್ತುವಾಗ ಹೆಬ್ಬೆರಳು ಅಗಲವಾಗಿ ಚಾಚಿಕೊಂಡು ಮಣಿಕಟ್ಟು ಓರೆಯಾಗುತ್ತದೆ. ಹೆಬ್ಬೆರಳ ಬದಿಯ ಎರಡು ಟೆಂಡನ್‌ಗಳು ಅಲ್ಲಿ ಕಿರಿದಾದ ಒರೆಯೊಳಗೆ ಉಜ್ಜುತ್ತವೆ. ಫ್ರಿಟ್ಸ್ ಡಿ ಕ್ವೆರ್ವೇನ್ ಎಂಬ ಸ್ವಿಸ್ ಶಸ್ತ್ರವೈದ್ಯ 1895ರಲ್ಲಿ ಇದನ್ನು ವಿವರಿಸಿದ, ಈಗಲೂ ಅವನದೇ ಹೆಸರು. ನೋಯುವ ಆ ಜಾಗವನ್ನು ತಿಕ್ಕಿದರೆ ಉರಿ ಜಾಸ್ತಿಯಾಗುತ್ತದೆ. ಮುಂಗೈಯ ಹೊರಬದಿ ನಾದಿ, ಹೆಬ್ಬೆರಳಿಗೆ ಆಧಾರದ ಪಟ್ಟಿ ಕಟ್ಟಿ, ಎತ್ತುವ ಬಗೆ ಬದಲಿಸಬೇಕು. ಹೆಬ್ಬೆರಳನ್ನು ಬೇರೆ ಬೆರಳುಗಳ ಜೊತೆ ಸೇರಿಸಿಕೊಂಡು, ಅಂಗೈ ಮೇಲಾಗಿ ಮಗುವಿನ ಅಡಿಗೆ ಎರಡೂ ಕೈ ತೂರಿಸಿ ಎತ್ತುವುದು. ಮೊದಮೊದಲು ಸರಾಗ ಬರುವುದಿಲ್ಲ. ಹಾಲು ಕುಡಿಸುವಾಗಲೂ ದಿಂಬು ಭಾರ ಹೊರಲಿ.

ತಮ್ಮ ಕೈ ತಾವೇ ಒತ್ತಿಕೊಳ್ಳುವುದರಲ್ಲಿ ಒಂದು ತೊಡಕಿದೆ. ಬಲಗೈಯನ್ನು ಎಡಗೈ ಒತ್ತುತ್ತದೆ, ಆಮೇಲೆ ದಣಿದ ಎಡಗೈಯನ್ನು ಈಗಷ್ಟೇ ಸುಧಾರಿಸಿಕೊಂಡ ಬಲಗೈ ಒತ್ತಬೇಕು. ಅದಕ್ಕೆ ಬೆರಳು ಬಳಸಲೇಬೇಡಿ. ಮುಂಗೈಯನ್ನು ಮೇಜಿನ ಮೇಲಿಟ್ಟು, ಇನ್ನೊಂದು ಕೈಯ ಮುಂಗೈಯನ್ನೇ ಅಡ್ಡ ಇಟ್ಟು ಮೈಭಾರ ಬಿಟ್ಟು ಜಾರಿಸಿ. ಗೋಡೆಗೆ ಟೆನಿಸ್ ಚೆಂಡಿಟ್ಟು ಅದರ ಮೇಲೆ ಮುಂಗೈ ಉರುಳಿಸಿ. ಅಡುಗೆಮನೆಯ ಲಟ್ಟಣಿಗೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಮುಂಗೈ ಊರಿ ಹಿಂದೆ ಮುಂದೆ ಆಡಿಸಿ. ಎಣ್ಣೆ ಹಚ್ಚಿಕೊಂಡು ಮಾಡಿದರೆ ಮನೆಯಲ್ಲಿ ಬೈಗುಳ ಖಾತ್ರಿ. ಮಸಾಜ್ ಗನ್ ಇಟ್ಟುಕೊಂಡವರು ಮಾಂಸದ ಮೇಲೆ ಬಿಡಿ, ಮಣಿಕಟ್ಟಿನ ಎಲುಬಿನ ಮೇಲೆ ಬೇಡ.

ಕೆಲವು ಕೈಗಳನ್ನು ಮುಟ್ಟಲೇಬಾರದು. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮುಂಗೈಯಲ್ಲೋ ತೋಳಲ್ಲೋ ಅಪಧಮನಿ, ಅಭಿಧಮನಿ ಎರಡನ್ನೂ ಸೇರಿಸಿ ಫಿಸ್ಟುಲಾ ಮಾಡಿರುತ್ತಾರೆ. ಮುಟ್ಟಿದರೆ ಚರ್ಮದ ಕೆಳಗೆ ಗುಂಯ್‌ಗುಡುವುದು ಗೊತ್ತಾಗುತ್ತದೆ. ಆ ಕೈಯನ್ನು ಒತ್ತುವುದು, ಬಿಗಿಯಾಗಿ ಹಿಡಿಯುವುದು, ಬಿಪಿ ನೋಡುವುದು ಯಾವುದೂ ಕೂಡದು. ಅವರ ಜೀವ ಆ ದಾರಿಯ ಮೇಲೆ ನಿಂತಿದೆ. ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಕೈ ಊದಿಕೊಂಡವರಿಗೆ ಅದಕ್ಕೆಂದೇ ಕಲಿತವರು ಬೇರೆ ರೀತಿಯಲ್ಲಿ ಹಗುರಾಗಿ ಮಾಡುತ್ತಾರೆ, ನಾವು ಕೈ ಹಾಕುವುದಲ್ಲ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಜೋರಾಗಿ ಒತ್ತಿದರೆ ಒಳಗೇ ರಕ್ತ ಒಸರುತ್ತದೆ. ಘಾಟು ವಾಸನೆಯ ನೋವಿನ ಮುಲಾಮುಗಳಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಚರ್ಮದ ಮೂಲಕ ಒಳಹೋಗಿ ಆ ಮಾತ್ರೆಯ ಪ್ರಭಾವ ಹೆಚ್ಚಿಸಬಲ್ಲದು. ವಯಸ್ಸಾದವರಿಗೆ ಬರೀ ಕೊಬ್ಬರಿ ಎಣ್ಣೆ ಸಾಕು.

ಬಿದ್ದು ಊದಿಕೊಂಡ ಕೈಯನ್ನು ಉಳುಕಿರಬೇಕು ಅಂತ ತಿಕ್ಕುವುದು ನಮ್ಮ ಕಡೆ ಹಳೆಯ ಅಭ್ಯಾಸ. ಎಕ್ಸ್‌ರೇ ಆಗುವ ತನಕ ಮುಟ್ಟಬೇಡಿ. ಬಿಗಿಯಾಗಿ ಕಟ್ಟು ಹಾಕುವುದಂತೂ ಇನ್ನೂ ಅಪಾಯ. ಮುಂಗೈಯ ಸ್ನಾಯುಗಳು ಗಟ್ಟಿ ಹೊದಿಕೆಯೊಳಗಿವೆ. ಒಳಗೆ ಊತ, ಹೊರಗೆ ಬಿಗಿ ಕಟ್ಟು ಸೇರಿದರೆ ರಕ್ತ ಹರಿಯದೆ ಸ್ನಾಯು ಸತ್ತು, ಬೆರಳುಗಳು ಮಡಚಿಕೊಂಡು ಹಾಗೇ ಉಳಿದುಬಿಡುತ್ತವೆ. ಜರ್ಮನಿಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಕಟ್ಟು ಹಾಕಿದ ಮೇಲೆ ನೋವು ಏರುತ್ತಾ ಹೋದರೆ, ಬೆರಳು ಚಾಚಿಸಿದರೆ ಕಿರುಚುವಂತಾದರೆ, ಬೆರಳು ತಣ್ಣಗಾದರೆ ಬೆಳಗಾಗಲಿ ಅಂತ ಕಾಯಬಾರದು. ಎದೆ ಬಿಗಿದು, ಬೆವರಿ, ಎಡಗೈ ಸೆಳೆಯುತ್ತಿದ್ದರೆ ಅದು ಕೈಯ ನೋವೇ ಅಲ್ಲ, ಆಸ್ಪತ್ರೆಗೆ ಓಡಿ.

ಇಷ್ಟೆಲ್ಲ ನೀವಿ ನಾದಿದ್ದರ ಫಲ ಎಷ್ಟು ಹೊತ್ತು? ನನ್ನ ಕೈಗಾದರೆ ಒಂದು ರಾತ್ರಿಯ ನಿದ್ದೆ, ಮಾರನೆಯ ದಿನ ಮಧ್ಯಾಹ್ನದವರೆಗೆ ಸಡಿಲ. ಆಮೇಲೆ ಅಧ್ಯಕ್ಷರು ಮತ್ತೆ ಬರುತ್ತಾರೆ. ಮಸಾಜ್ ದಣಿವು ಇಳಿಸುತ್ತದೆ, ದುಡಿಯುವ ಶಕ್ತಿ ಕೊಡುವುದಿಲ್ಲ. ಟೆನಿಸ್ ಎಲ್ಬೋಗೆ ಫಿಸಿಯೋಥೆರಪಿಸ್ಟ್ ಕೊನೆಗೆ ಹೇಳಿಕೊಟ್ಟಿದ್ದು ಒಂದು ವ್ಯಾಯಾಮ. ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿದು, ಮುಂಗೈಯನ್ನು ಮೇಜಿನ ಅಂಚಿಗೆ ಊರಿ, ಅಂಗೈ ಕೆಳಮುಖವಾಗಿ ಇಡಬೇಕು. ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟನ್ನು ಮೇಲೆತ್ತಿ, ಸಹಾಯ ಬಿಟ್ಟು, ಒಂದೇ ಕೈಯಲ್ಲಿ ನಿಧಾನವಾಗಿ ಇಳಿಸಬೇಕು. ಎತ್ತುವುದಕ್ಕಿಂತ ಇಳಿಸುವುದು ಮುಖ್ಯ. ಚಿಕ್ಕಮ್ಮನಿಗೂ ಹೇಳಿಕೊಟ್ಟೆ. ಅವರು ಎರಡು ಸಲ ಮಾಡಿ, ಬಾಯಾರಿಕೆಯಾಯಿತು ಅಂತ ಬಾಟಲಿಯ ನೀರು ಕುಡಿದು, ಖಾಲಿ ಬಾಟಲಿ ಹಿಡಿದು ಇನ್ನೂ ಎಂಟು ಸಲ ಮಾಡಿ ತೋರಿಸಿದರು. “ನೋಡು, ಈಗ ನೋವೇ ಇಲ್ಲ!”